ನಾರಿನ ಹುಡಿ, ಹಳೆಯ ಗೋಣಿ, ಹರಕು ಬಟ್ಟೆ: ಇವುಗಳನ್ನು ಹೊಲಕ್ಕೆ ಒಗ್ಗಿಸುವ ಕ್ರಮ

ತೆಂಗಿನ ಮರದಲ್ಲಿ ವ್ಯರ್ಥವಾಗುವ ಅಂಗವೇ ಇಲ್ಲವೆಂಬ ಮಾತನ್ನು ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳ ಹಿಡುವಳಿದಾರರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಕಾಯಿ ಅಡಿಗೆಗೆ, ಕೊಬ್ಬರಿ ಗಾಣಕ್ಕೆ, ಗೆರಟೆ ಒಲೆಗೆ, ಮಡಲು ಚಪ್ಪರಕ್ಕೆ, ಸಿಪ್ಪೆಯ ನಾರು ಹಗ್ಗ, ಚಾಪೆ, ಕಾಲೊರಸುಗಳಿಗೆ ಸಲ್ಲುತ್ತವೆ. ಆದರೆ ಸಿಪ್ಪೆಯನ್ನು ಬಡಿದು ನಾರನ್ನು ಬಿಡಿಸಿದ ಮೇಲೆ ಉಳಿಯುವ ಕಂದು ಬಣ್ಣದ ಹಗುರವಾದ ಹುಡಿಗೆ ಮಾತ್ರ ಈ ಲೆಕ್ಕದಲ್ಲಿ ಇನ್ನೂ ಸರಿಯಾದ ಸ್ಥಾನ ದೊರೆತಿಲ್ಲ. ಅದರ ಪ್ರಮಾಣವೇನೂ ಅಲ್ಪವಾದುದಲ್ಲ. ಒಂದು ಪಾಲು ನಾರು ಹೊರಡುವಲ್ಲಿ ಸುಮಾರು ಎರಡು ಪಾಲು ಹುಡಿ ಉಳಿಯುತ್ತದೆ. ಅಂದರೆ ಚಾಪೆ ನೇಯುವವನ ಕೈಗೆ ಸೇರುವ ಪದಾರ್ಥಕ್ಕಿಂತ ಆತನು ಹೊರಕ್ಕೆ ಎಸೆಯುವ ಪದಾರ್ಥವೇ ದ್ವಿಗುಣವಾಗಿದೆ.

ಹೀಗೆ ಎಸೆದ ಹುಡಿಯು ತಿಪಟೂರು, ಅರಸೀಕೆರೆಗಳಂತಹ ನಾರಿನ ಕಾರ್ಖಾನೆಗಳಿರುವ ಒಣ ಸೀಮೆಯಲ್ಲಿ ದಿಬ್ಬದಂತೆ ರಾಶಿ ಬಿದ್ದು ಗಾಳಿಗೆ ಹಾರುತ್ತದೆ. ನಮ್ಮ ಕರಾವಳಿಯಲ್ಲಿಯಾದರೋ ಮಳೆಗಾಲದಲ್ಲಿ ಅದರ ಕಷಾಯದಂತಹ ಕೆಂಪು ನೀರು ತೋಡಿಗೂ ಬಾವಿಗೂ ಇಳಿಯುತ್ತದೆ. ಈಚೆಗೆ ಮತ್ತೊಂದು ವಾಡಿಕೆ ಕಂಡುಬರುತ್ತಿದೆ. ಹುಡಿಯನ್ನು ಲಾರಿಯಲ್ಲಿ ತಂದು ಸುಲಭ ಬೆಲೆಗೆ ಗದ್ದೆಯ ಅಂಚಿನಲ್ಲಿ ಸುರಿದು ಹೋಗುವವರಿದ್ದಾರೆ; ಗೊಬ್ಬರವೆಂಬ ನಂಬಿಕೆಯಿಂದ ಅದನ್ನು ಹಸಿಯಾಗಿಯೇ ಹೊಲಕ್ಕೆ ಹರಡುವವರೂ ಇದ್ದಾರೆ. ಸೊಪ್ಪು ದರಗುಗಳನ್ನು ಒದಗಿಸುತ್ತಿದ್ದ ಕುಮ್ಕಿ ಹಾಡಿಗಳು ಬರಿದಾಗುತ್ತಿರುವ, ಇದ್ದರೂ ಅವನ್ನು ಹೊತ್ತು ತರುವ ಆಳುಗಳು ದೊರೆಯದಿರುವ ಈ ಕಾಲದಲ್ಲಿ ಮನೆಬಾಗಿಲಿಗೆ ಬಂದ ಗೊಬ್ಬರವನ್ನು ಬೇಡವೆನ್ನುವವರಾರು? ಆದರೆ ಹಾಗೆ ಹರಡಿದ ನೆಲಗಡಲೆಯ ಹೊಲವು ಒಂದು ತಿಂಗಳೊಳಗಾಗಿ ಹಳದಿಗೆ ತಿರುಗಿ, ಮಗ್ಗುಲಿನ ಹೊಲಕ್ಕಿಂತ ಕುಳ್ಳಾಗಿ ನಿಂತುದನ್ನು ತಿರುಗಾಟದಲ್ಲಿ ನಾನು ನೋಡಿದ್ದೇನೆ. ಹೊಲದ ಯಜಮಾನರು ಬೀಜವನ್ನು ದೂರಿದರು. ತಪ್ಪು ಬೀಜದಲ್ಲಿರಲಿಲ್ಲ.

ಕಾರಣವನ್ನು ತಿಳಿದುಕೊಂಡರೆ ಪರಿಹಾರವು ತಾನಾಗಿಯೇ ಗೋಚರವಾಗುವುದರಿಂದ ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ಮಣ್ಣಿನಲ್ಲಿ ಬಿದ್ದ ಯಾವ ಕಸವೂ ತಾನಾಗಿ ಕೊಳೆಯುವುದಿಲ್ಲ. ಕಣ್ಣಿಗೆ ಕಾಣಿಸದ ಜೀವಾಣುಗಳು ಅದನ್ನು ತಿಂದು ಕೊಳೆಯಿಸುತ್ತವೆ. ಈ ಜೀವಾಣುಗಳಿಗೆ ಇಂಗಾಲವು ಅನ್ನವಿದ್ದಂತೆ, ಸಾರಜನಕವು ಮೇಲೋಗರವಿದ್ದಂತೆ. ಹಟ್ಟಿಗೊಬ್ಬರದಲ್ಲಿ ಇವೆರಡೂ ತಕ್ಕ ಪ್ರಮಾಣದಲ್ಲಿ ಬೆರೆತಿರುತ್ತವೆ. ನಾರಿನ ಹುಡಿಯಲ್ಲಿ ಹಾಗಿಲ್ಲ. ನೂರು ಪಾಲು ಹುಡಿಯಲ್ಲಿ ಇಂಗಾಲವು ಸುಮಾರು 29 ಪಾಲು ಇದ್ದರೆ ಸಾರಜನಕವು 0.26 ಪಾಲು ಮಾತ್ರ. ಅಂದರೆ ಒಂದಕ್ಕೆ 112ರ ಪ್ರಮಾಣ. ಅನ್ನದ ರಾಶಿಯ ಮುಂದೆ ಮೇಲೋಗರವಿಲ್ಲದೆ ಕುಳಿತ ಜೀವಾಣುಗಳು ಕೊರತೆಯನ್ನು ತುಂಬಿಕೊಳ್ಳಲು ಮಣ್ಣಿನಲ್ಲಿರುವ ಸಾರಜನಕಕ್ಕೆ ಕೈಹಾಕುತ್ತವೆ. ಪೈರಿಗೆ ಸಲ್ಲಬೇಕಾದುದು ಅವುಗಳ ಪಾಲಾಗಿ ಪೈರು ಹಳದಿಯಾಗುತ್ತದೆ. ಇದರ ಮೇಲೆ, ಹುಡಿಯ ನೂರು ಪಾಲಿನಲ್ಲಿ 30 ಪಾಲಿನಷ್ಟು ಲಿಗ್ನಿನ್ ಎಂಬ ಮರದ ಗಟ್ಟಿ ಅಂಶವಿರುವುದರಿಂದ ಸಾಮಾನ್ಯ ಜೀವಾಣುಗಳಿಗೆ ಅದು ಬೇಗನೆ ಜೀರ್ಣವಾಗುವುದೂ ಇಲ್ಲ. ಆದುದರಿಂದ ಈ ಕಾಟವು ಒಂದು ಬೆಳೆಗೇ ಮುಗಿಯುತ್ತದೆಂಬ ಭರವಸೆಯಿಲ್ಲ. ಹಸಿ ಹುಡಿಯನ್ನು ಪೈರಿನ ಹೊಲಕ್ಕೆ ಯಾವ ಕಾರಣದಿಂದಲೂ ಹಾಕತಕ್ಕದ್ದಲ್ಲ.

ಅದೇ ಹುಡಿಯನ್ನು ಕ್ರಮವರಿತು ಕೊಳೆಯಿಸಿದರೆ ಚಿತ್ರವೇ ಬೇರೆಯಾಗುತ್ತದೆ. ಲಿಗ್ನಿನ್ 30ರಿಂದ ಸುಮಾರು 5 ಪಾಲಿಗೆ ಇಳಿಯುತ್ತದೆ, ಸಾರಜನಕವು 0.26ರಿಂದ 1.06ಕ್ಕೂ, ಪೊಟ್ಯಾಷ್ 0.78ರಿಂದ 1.20ಕ್ಕೂ ಏರುತ್ತದೆ, ಇಂಗಾಲ ಸಾರಜನಕಗಳ ಪ್ರಮಾಣವು 112ರಿಂದ 24ಕ್ಕೆ ಬರುತ್ತದೆ. ರಂಜಕ ಮಾತ್ರ 0.06ನ್ನು ಮೀರುವುದಿಲ್ಲ, ಈ ಗೊಬ್ಬರದ ದೊಡ್ಡ ಕೊರತೆಯೆಂದರೆ ಇದೇ. ಹಟ್ಟಿಗೊಬ್ಬರದಲ್ಲಿ ಸಾರಜನಕವು ಸಾಮಾನ್ಯವಾಗಿ ಅರ್ಧ ಪಾಲಿನಷ್ಟಿರುವುದನ್ನು ನೆನೆದರೆ ಮೇಲಿನ ಅಂಕಿಗಳು ಬಹಳ ಆಕರ್ಷಕವಾಗಿ ತೋರುವುವು. ಆದರೆ ನೀರನ್ನು ಹೀರಿಕೊಂಡ ಹುಡಿಯಲ್ಲಿ ತೂಕದ ಹೆಚ್ಚಿನ ಭಾಗ ನೀರೇ ಆಗಿರುವುದರಿಂದ ಒದ್ದೆ ಬುಟ್ಟಿಯಲ್ಲಿ ಇಷ್ಟೊಂದು ಸತ್ತ್ವವನ್ನು ನಿರೀಕ್ಷಿಸಬಾರದು. ನನ್ನ ಅಭಿಪ್ರಾಯದಲ್ಲಿ ಇದರ ನಿಜವಾದ ಗುಣವು ಸತ್ತ್ವದಲ್ಲಿಲ್ಲ, ನೀರು ಹಿಡಿಯುವ ಶಕ್ತಿಯಲ್ಲಿದೆ. ಹುಡಿಯು ತನ್ನ ತೂಕದ ಐದು ಪಾಲಿಗೂ ಮಿಕ್ಕಿದ ನೀರನ್ನು ಹಿಡಿದಿಡಬಲ್ಲುದು. ವರ್ಷಕ್ಕೆ ಸುಮಾರು 4000 ಮಿಲ್ಲಿಮೀಟರ್ ಮಳೆ ಬಿದ್ದೂ ಮಾರ್ಗಶಿರ ಕಳೆಯುವುದರೊಳಗೆ ಬಿಳಿಚಿ ಒಣಗುವ ತ್ರಾಸಿ, ಮರವಂತೆ, ಉಪ್ಪುಂದ, ಕೋಟದ ಕಡೆಯ ಮರಳು ಭೂಮಿಗೆ ಇದಕ್ಕಿಂತ ಬೇಕಾದ ಗುಣವು ಬೇರೆ ಯಾವುದುಂಟು?

ಇನ್ನು ಕೊಳೆಯಿಸುವ ಕ್ರಮ. ಮೊದಲನೆಯ ಕೆಲಸವು ತೊಳೆಯುವುದು. ಹಿನ್ನೀರಿನಲ್ಲಿ ತಿಂಗಳುಗಟ್ಟಲೆ ನೆನೆಹಾಕಿದ ಸಿಪ್ಪೆಯ ಹುಡಿಯಲ್ಲಿ ಉಪ್ಪು ಸೇರಿರುತ್ತದೆ. ಉಪ್ಪುನೀರನ್ನು ಕಾಣದ ಸಿಪ್ಪೆಯ ಹುಡಿಯಲ್ಲಿಯೂ ಎಳೆಯ ಬೇರನ್ನು ಸುಡುವ ಒಗರಿನ ಅಂಶವಿರುತ್ತದೆ. ಬೇರೆ ಸೀಮೆಯವರು ಇದಕ್ಕಾಗಿ ನೀರನ್ನು ಹೊತ್ತು ಹಾಕಬೇಕಾಗುವುದು. ನಮಗೆ ಆ ಖರ್ಚನ್ನು ಮಳೆರಾಯನೇ ಉಳಿಸಿಕೊಡುತ್ತಾನೆ. ಮೇ ತಿಂಗಳ ಕೊನೆಗೆ ಹುಡಿಯನ್ನು ಎತ್ತರವಾದ ಜಾಗದಲ್ಲಿ ಒಂದು ಮೊಳಕ್ಕಿಂತ ದಪ್ಪವಾಗದಂತೆ ಹರಡಿ ಸೆಪ್ಟೆಂಬರಿನವರೆಗೆ ಮಳೆಗೆ ಬಿಡಬೇಕು. ಆದರೆ ಆ ಜಾಗವು ಬಾವಿಗಿಂತ ಮೇಲಿರಕೂಡದು. ಕೆಂಪು ನೀರು ಅಗೇಡಿಗೆ, ಎಂದರೆ ನೇಜಿ ಬೆಳೆಸುವ ಗದ್ದೆಗೆ, ನುಗ್ಗದಂತೆ ಸುತ್ತಲೂ ಒಂದು ಕಣಿಯನ್ನು ತೋಡಿ ಬೆಟ್ಟು ಜಾಗದ ಪೊದೆಗಳ ಕಡೆಗೆ ತಿರುಗಿಸತಕ್ಕದ್ದು. ಈ ಎಚ್ಚರವನ್ನು ಒಬ್ಬರು ತಪ್ಪಿದರೆ ತೊಂದರೆಯನ್ನು ಅನುಭವಿಸುವವರು ಕೆಳಗಿನ ಮನೆಯವರು.

ಮಳೆ ನಿಂತ ಮೇಲೆ, ಅಕ್ಟೋಬರಿನಲ್ಲಿ, ಮರದ ನೆರಳಿನಲ್ಲಿಯಾಗಲಿ ಚಪ್ಪರದ ಕೆಳಗಾಗಲಿ ರಾಶಿಯನ್ನು ಹಾಕಬೇಕು. ಗುಂಡಿ ಬೇಡ, ನೆಲದ ಮೇಲಿನ ರಾಶಿಯೇ ಉತ್ತಮ. ಇದರಲ್ಲಿ ಎರಡು ವಿಧಾನಗಳು ನಮ್ಮವರಿಗೆ ಅನುಕೂಲವಾದುವು.

ಮೊದಲನೆಯದು ಅಣಬೆಯ ವಿಧಾನ. ಕೊಳೆತ ಮರದ ಮೇಲೆ ಏಳುವ ಕೆಲವು ಅಣಬೆಗಳಿಗೆ ಲಿಗ್ನಿನನ್ನು ಜೀರ್ಣಿಸುವ ಶಕ್ತಿಯುಂಟು. ಊಟಕ್ಕಾಗಿ ಬೆಳೆಸುವ ಸಿಂಪಿ ಅಣಬೆಯೂ ಆ ಜಾತಿಯದೇ. ಒಂದು ಟನ್ ಹುಡಿಗೆ ಈ ಅಣಬೆಯ ಬೀಜ ಐದು ಬಾಟಲಿ, ಯೂರಿಯಾ ಐದು ಕಿಲೋಗ್ರಾಂ ಬೇಕಾಗುವುದು. ಐದು ಮೀಟರ್ ಉದ್ದ, ಮೂರು ಮೀಟರ್ ಅಗಲದ ಜಾಗದಲ್ಲಿ 100 ಕಿಲೋಗ್ರಾಂ ಹುಡಿಯನ್ನು ಹರಡಿ ಮೇಲೆ ಒಂದು ಬಾಟಲಿ ಅಣಬೆ ಬೀಜವನ್ನು ಉದುರಿಸುವುದು. ಅದರ ಮೇಲೆ ಮತ್ತೆ 100 ಕಿಲೋಗ್ರಾಂ ಹುಡಿಯನ್ನು ಹರಡಿ ಒಂದು ಕಿಲೋಗ್ರಾಂ ಯೂರಿಯಾವನ್ನು ಸಮನಾಗಿ ಚೆಲ್ಲುವುದು. ಹೀಗೆ ಒಂದು ಬಿಟ್ಟು ಒಂದರಂತೆ ಹತ್ತು ಪದರಗಳಾದಾಗ ರಾಶಿಯು ಸುಮಾರು ಒಂದು ಮೀಟರ್ ಎತ್ತರವಾಗುತ್ತದೆ. ಬೀಜವನ್ನೂ ಯೂರಿಯಾವನ್ನೂ ಒಂದೇ ಪದರದಲ್ಲಿ ಬೆರೆಸಬಾರದು. ಅಲಪ್ಪುಳ ಜಿಲ್ಲೆಯ ಕಲವೂರಿನಲ್ಲಿರುವ ನಾರು ಮಂಡಳಿಯ ಸಂಶೋಧನಾಲಯವು ಇದೇ ಅಣಬೆಯನ್ನು ಪಿತ್‌ಪ್ಲಸ್ ಎಂಬ ಹೆಸರಿನಲ್ಲಿ ಸಿದ್ಧಪಡಿಸಿದೆ. ಅದಾದರೆ ಟನ್ನಿಗೆ ಎರಡು ಕಿಲೋಗ್ರಾಂ ಸಾಕು.

ಎರಡನೆಯದು ಕಾಸರಗೋಡಿನ ವಿಧಾನ. ಕಾಸರಗೋಡು ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದ ಕಾಲದಲ್ಲಿ, 1916ರಲ್ಲಿ, ಮದರಾಸು ಸರಕಾರದವರು ಅಲ್ಲಿ ತೆಂಗಿನ ಸಂಶೋಧನಾ ಕ್ಷೇತ್ರವನ್ನು ತೆರೆದರು. ಇಂದಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯು ಅದರಿಂದ ಬೆಳೆದುಬಂದುದು. ಅಲ್ಲಿಯವರು ಅಣಬೆ ಬೀಜವನ್ನೂ ಯೂರಿಯಾವನ್ನೂ ಬಿಟ್ಟು, ಒಂದು ಟನ್ ಹುಡಿಗೆ ಕೋಳಿಗೊಬ್ಬರ 100 ಕಿಲೋಗ್ರಾಂ, ಸುಣ್ಣ 5 ಕಿಲೋಗ್ರಾಂ, ಶಿಲಾರಂಜಕ 5 ಕಿಲೋಗ್ರಾಂ ಸೇರಿಸಿ ಒಂದೂವರೆ ತಿಂಗಳಿನಲ್ಲಿ ಗೊಬ್ಬರವನ್ನು ಪಡೆಯುವ ಕ್ರಮವನ್ನು ರೂಪಿಸಿದ್ದಾರೆ. ಊರೂರಿಗೂ ಕೋಳಿಸಾಕಣೆಯ ಶೆಡ್ಡುಗಳಾಗಿರುವ ಈ ಕಾಲದಲ್ಲಿ ನಮ್ಮ ಮೂರು ತಾಲ್ಲೂಕುಗಳಿಗೆ ಈ ಎರಡನೆಯ ವಿಧಾನವನ್ನೇ ನಾನು ಮೇಲೆಂದು ಎಣಿಸುತ್ತೇನೆ. ಅಣಬೆ ಬೀಜವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಹುಡಿಯಲ್ಲಿಲ್ಲದ ರಂಜಕವು ಒದಗುತ್ತದೆ. ನಮ್ಮ ಹುಳಿ ಮಣ್ಣಿನಲ್ಲಿ ಶಿಲಾರಂಜಕವು ಮೆಲ್ಲಮೆಲ್ಲನೆ ಕರಗಿ ಪೈರಿಗೆ ದಕ್ಕುತ್ತದೆ. ಸುಣ್ಣಕ್ಕೆ ಹೊಳೆಯ ಚಿಪ್ಪಿನ ಸುಣ್ಣವೇ ಆದೀತು.

ಯಾವ ವಿಧಾನವೇ ಆಗಲಿ, ರಾಶಿಯನ್ನು ಒಣಗಗೊಡಬಾರದು. ಒಂದು ಹಿಡಿಯನ್ನು ತೆಗೆದು ಮುಷ್ಟಿಯಲ್ಲಿ ಹಿಂಡಿದರೆ ಬೆರಳ ಸಂದಿನಲ್ಲಿ ನಾಲ್ಕು ಹನಿ ಒಸರಬೇಕು. ಧಾರೆಯಾಗಿ ಸುರಿದರೆ ನೀರು ಹೆಚ್ಚಾಯಿತೆಂದು ತಿಳಿಯತಕ್ಕದ್ದು. ಹಳೆಯ ಗೋಣಿಚೀಲಗಳನ್ನು ಒದ್ದೆ ಮಾಡಿ ಮೇಲೆ ಹೊದಿಸಿದರೆ ತೇವವು ನಿಲ್ಲುತ್ತದೆ. ಹದಿನೈದು ದಿನಕ್ಕೊಮ್ಮೆ ಅಂಚಿನಿಂದ ಸ್ವಲ್ಪ ಕೆದಕಿ ನೋಡುತ್ತಿರಬೇಕು. ಕುರುವಾಯಿ ದುಂಬಿಯು ಮೊಟ್ಟೆಯಿಡಲು ಹುಡುಕುವ ಸ್ಥಳವೇ ಇಂತಹ ಗೊಬ್ಬರದ ರಾಶಿ. ಬೆರಳ ದಪ್ಪದ ಬಿಳಿಯ ಗೊಬ್ಬರದ ಹುಳಗಳು ಕಂಡರೆ ಆರಿಸಿ ಕೊಲ್ಲಬೇಕು; ಅವುಗಳಿಗೆ ರೋಗ ಹತ್ತಿಸುವ ಮೆಟರೈಜಿಯಂ ಎಂಬ ಹಸಿರು ಬೂಷ್ಟನ್ನು ರಾಶಿಗೆ ಬೆರೆಸುವುದೂ ಉಂಟು. ತೋಟಕ್ಕೆ ಗೊಬ್ಬರ ಮಾಡಲು ಹೋಗಿ ತೋಟದ ಶತ್ರುವನ್ನು ಸಾಕಿದಂತಾಗಬಾರದಷ್ಟೆ.

ಅಕ್ಟೋಬರ್ ಮೊದಲಿಗೆ ಹಾಕಿದ ರಾಶಿಯು ನವೆಂಬರ್ ಕೊನೆಯ ಹೊತ್ತಿಗೆ ಕಪ್ಪಾಗಿ, ಗಾತ್ರದಲ್ಲಿ ತಗ್ಗಿ, ಮಳೆ ಬಿದ್ದ ಹೊಸ ಮಣ್ಣಿನ ವಾಸನೆಯನ್ನು ಕೊಡುತ್ತದೆ. ಕಾರ್ತಿ ಬೆಳೆಯನ್ನು ಕೊಯಿದ ಗದ್ದೆಗಳಲ್ಲಿ ನೆಲಗಡಲೆ, ಕಲ್ಲಂಗಡಿ, ತರಕಾರಿಗಳನ್ನು ಹಾಕುವ ಸಮಯಕ್ಕೆ ಇದು ಸರಿಯಾಗಿ ಒದಗುತ್ತದೆ. ಹೆಕ್ಟೇರಿಗೆ ಐದು ಟನ್ನಿನಂತೆ, ನಮ್ಮ ಲೆಕ್ಕದಲ್ಲಿ ಒಂದು ಸೆಂಟ್ಸಿಗೆ 20 ಕಿಲೋಗ್ರಾಂ, ಕೊನೆಯ ಉಳುಮೆಯಲ್ಲಿ ಮಣ್ಣಿಗೆ ಸೇರಿಸಬೇಕು. ನೀರು ನಿಲ್ಲುವ ಬೈಲು ಗದ್ದೆಗಿಂತ ಬೆಟ್ಟು, ಮಜಲು, ಮರಳು ಭೂಮಿಗಳಿಗೆ ಇದನ್ನು ಮೊದಲು ಕೊಡತಕ್ಕದ್ದು. ಬೈಲಿನಲ್ಲಿ ತೇವಕ್ಕೇನು ಕೊರತೆ? ತೆಂಗು ಅಡಿಕೆಗಳ ಬುಡಕ್ಕೆ ಹಟ್ಟಿಗೊಬ್ಬರದ ಸಂಗಡ ಬೆರೆಸಿ ಹಾಕುವುದೂ, ಸಸಿ ಬೆಳೆಸುವ ಮಣ್ಣಿನಲ್ಲಿ ಐದರಲ್ಲೊಂದು ಪಾಲು ಸೇರಿಸುವುದೂ ಹಿತವಾದುದು. ಪೇಟೆಯಲ್ಲಿ ಇಟ್ಟಿಗೆಯಂತೆ ಅಚ್ಚು ಹಾಕಿ ಮಾರುವ ಕೊಕೊಪೀಟ್ ಎಂಬುದು ಇದೇ ಹುಡಿಯಾದರೂ ಅದು ಸಾಮಾನ್ಯವಾಗಿ ತೊಳೆದು ಒಣಗಿಸಿದ್ದೇ ಹೊರತು ಕೊಳೆಯಿಸಿದ್ದಲ್ಲ. ಕುಂಡದಲ್ಲಿ ಬೀಜ ಮೊಳೆಯಿಸಲು ಅದು ಯೋಗ್ಯವೇ ಸರಿ, ಹೊಲಕ್ಕೆ ಗೊಬ್ಬರವೆಂದು ಕೊಳ್ಳಬಾರದು.

ನಮ್ಮ ಊರುಗಳಲ್ಲಿ ಅನೇಕರಿಗೆ ಹುಡಿಯೇ ಸಿಗಲಾರದು, ಸಿಪ್ಪೆ ಮಾತ್ರ ಉಂಟು. ಅದು ಬಚ್ಚಲ ಒಲೆಗೆ ಹೋಗುತ್ತದೆ. ಸಿಪ್ಪೆ ಉರಿದಾಗ ಪೊಟ್ಯಾಷ್ ಬೂದಿಯಲ್ಲಿ ಉಳಿಯುತ್ತದೆ, ಉಳಿದುದೆಲ್ಲ ಹೊಗೆಯಾಗಿ ಹೋಗುತ್ತದೆ. ಸ್ನಾನದ ನೀರನ್ನು ತಣ್ಣಗೆ ಮಾಡಿಕೊಳ್ಳಿರೆಂದು ನಾನು ಯಾರಿಗೂ ಹೇಳಲಾರೆ. ಆದರೆ ಒಲೆಗೆ ಮಿಕ್ಕ ಸಿಪ್ಪೆಯನ್ನು ಹಿತ್ತಿಲಿನಲ್ಲಿ ಗೆದ್ದಲಿಗೆ ಬಿಡುವುದಕ್ಕಿಂತ ತೋಟದಲ್ಲಿ ಹೂಳುವುದು ಲೇಸು. ತೆಂಗಿನ ಎರಡು ಸಾಲುಗಳ ನಡುವೆ ಒಂದೂವರೆ ಅಡಿ ಆಳದ ಕಣಿಯನ್ನು ತೋಡಿ, ಸಿಪ್ಪೆಯ ಹೊಟ್ಟೆ ಮೇಲಕ್ಕೆ ಬರುವಂತೆ ಪದರ ಪದರವಾಗಿ ಜೋಡಿಸಿ, ಪ್ರತಿಯೊಂದು ಪದರಕ್ಕೂ ಮಣ್ಣನ್ನು ಹಾಕಬೇಕು. ಒಂದೊಂದು ಸಿಪ್ಪೆಯೂ ಬಟ್ಟಲಿನಂತೆ ನೀರನ್ನು ಹಿಡಿಯುತ್ತದೆ. ಐದಾರು ವರ್ಷಗಳವರೆಗೆ ಇದರ ಪ್ರಯೋಜನ ನಿಲ್ಲುತ್ತದೆ. ಹೂಳದೆ ಬುಡದ ಸುತ್ತಲೂ ಆರಡಿಯವರೆಗೆ ಬರಿದೇ ಹಾಸುವುದಾದರೆ ಬೆನ್ನು ಮೇಲಾಗಿ ಹಾಸಬೇಕು.

ಹಗ್ಗ ಚಾಪೆಗಳ ಉಳಿಕೆಯ ಮಾತು ಬಂದ ಮೇಲೆ ಮನೆಯ ಹರಕು ಬಟ್ಟೆ, ಗೋಣಿ, ಕಂಬಳಿ, ಜಮಖಾನೆಗಳ ವಿಷಯವನ್ನೂ ಹೇಳುವುದು ಯುಕ್ತ. ಹಿಂದೆ ಇವೆಲ್ಲವೂ ಹತ್ತಿ, ಸೆಣಬು, ಉಣ್ಣೆಗಳಿಂದಾದುವುಗಳಾಗಿದ್ದುದರಿಂದ ತಿಪ್ಪೆಗೆ ಬಿದ್ದರೆ ಮಣ್ಣಾಗುತ್ತಿದ್ದುವು. ಈಗ ಮನೆಯ ಬಟ್ಟೆಯಲ್ಲಿ ಹೆಚ್ಚಿನದು ಪಾಲಿಯೆಸ್ಟರ್, ಜಮಖಾನೆಯಲ್ಲಿ ನೈಲಾನು. ಇವು ಮಣ್ಣಿನಲ್ಲಿ ಕರಗಲಾರವು, ನೂಲು ನೂಲಾಗಿ ಹರಿದು ಹೊಲದಲ್ಲಿಯೇ ಉಳಿಯುವುವು. ಆದುದರಿಂದ ಬಟ್ಟೆಯನ್ನು ಗೊಬ್ಬರಗುಂಡಿಗೆ ಹಾಕುವ ಮೊದಲು ಅಂಚಿನಿಂದ ನಾಲ್ಕು ಎಳೆಯನ್ನು ಕಿತ್ತು ದೀಪಕ್ಕೆ ಹಿಡಿದು ನೋಡಬೇಕು. ಕಾಗದದಂತೆ ಉರಿದು ಮೆತ್ತನೆಯ ಬೂದಿಯಾದರೆ ಹತ್ತಿ ಅಥವಾ ಸೆಣಬು. ಕೂದಲು ಸುಟ್ಟ ವಾಸನೆ ಬಂದರೆ ಉಣ್ಣೆ ಅಥವಾ ರೇಷ್ಮೆ. ಕರಗಿ ಗಟ್ಟಿಯಾದ ಮಣಿಯಂತಾದರೆ ಅದು ಗೊಬ್ಬರಕ್ಕೆ ಸಲ್ಲದು. ಕರಗುವುದೂ ಬೂದಿಯಾಗುವುದೂ ಎರಡೂ ಕಂಡರೆ ಮಿಶ್ರ ನೂಲೆಂದು ತಿಳಿದು ಅದನ್ನೂ ದೂರವಿಡಬೇಕು. ಹತ್ತಿಯನ್ನೂ ಗೋಣಿಯನ್ನೂ ಅಂಗೈಯಗಲ ಕತ್ತರಿಸಿ, ಸಗಣಿ ನೀರಿನಲ್ಲಿ ಅದ್ದಿ, ಹಸಿ ಸೊಪ್ಪಿನ ನಡುವೆ ತೆಳ್ಳಗೆ ಹರಡಬೇಕು. ಅವುಗಳಲ್ಲಿಯೂ ನಾರಿನ ಹುಡಿಯಂತೆಯೇ ಸಾರಜನಕವು ಬಹಳ ಕಡಮೆ.

ಉಣ್ಣೆಯ ಗುಣವು ಇದಕ್ಕೆ ತೀರ ವಿರುದ್ಧವಾದುದು. ಶುದ್ಧವಾದ ಉಣ್ಣೆಯ ನೂರು ಪಾಲಿನಲ್ಲಿ ಸುಮಾರು 16 ಪಾಲು ಸಾರಜನಕವೇ ಇದೆ. ಅದು ವರ್ಷಗಟ್ಟಲೆ ನಿಧಾನವಾಗಿ ಬಿಡುಗಡೆಯಾಗುತ್ತದೆ. ಇಂಗ್ಲೆಂಡಿನ ಬ್ಯಾಟ್ಲಿ ಎಂಬ ಊರಿನಲ್ಲಿ ಬೆಂಜಮಿನ್ ಲಾ ಎಂಬಾತನು 1813ರಲ್ಲಿ ಹಳೆಯ ಉಣ್ಣೆ ಬಟ್ಟೆಗಳನ್ನು ಹಿಂಜಿ ಮರಳಿ ನೂಲು ಮಾಡುವ ಉದ್ಯಮವನ್ನು ಆರಂಭಿಸಿದನು. ನಮ್ಮ ದೇಶದಲ್ಲಿ ಇಂದು ಪಾಣಿಪತವು ಈ ಕೆಲಸಕ್ಕೆ ಪ್ರಸಿದ್ಧವಾಗಿದೆ. ಬ್ಯಾಟ್ಲಿಯ ಸುತ್ತಣ ಗಿರಣಿಗಳಲ್ಲಿ ನೂಲಲು ಬಾರದೆ ಉಳಿದ ಉಣ್ಣೆಯ ಕಸವನ್ನು ಆ ಸೀಮೆಯ ರೈತರು ಕೊಂಡು ರುಬಾರ್ಬ್ ಎಂಬ ತರಕಾರಿಯ ಹೊಲಗಳಿಗೆ ಹಾಕುತ್ತಿದ್ದರು. ನಮ್ಮಲ್ಲಿ ಗಿರಣಿಯ ಕಸ ಇಲ್ಲ. ಆದರೂ ಜೀರ್ಣವಾದ ಕುರಿ ಕಂಬಳಿಯೊಂದು ಮನೆಯಲ್ಲಿದ್ದರೆ ಚೂರು ಮಾಡಿ ಬಾಳೆಯ ಬುಡದಲ್ಲಿ ಹೂಳಬಹುದು. ಬಣ್ಣ ಹಾಕದ ಕಂಬಳಿಯೇ ಆಗಬೇಕು.

ಕರಗುವ ಜಾತಿಯ ಬಟ್ಟೆಗೆ ಊರಿನವರೇ ಒಂದು ಉಪಯೋಗವನ್ನು ಕಂಡುಕೊಂಡಿದ್ದಾರೆ. ಹಂದಿಗಳ ಕಾಟಕ್ಕೆ ಹೊಲದ ಸುತ್ತ ಹಳೆಯ ಸೀರೆಗಳನ್ನು ಕಟ್ಟುವುದೂ, ಕಡಲ ಕರೆಯ ಊರುಗಳಲ್ಲಿ ಹಳೆಯ ಮೀನುಬಲೆಯನ್ನು ತರಕಾರಿ ತೋಟಕ್ಕೆ ಬೇಲಿಯಾಗಿ ಬಿಗಿಯುವುದೂ ಬುದ್ಧಿವಂತಿಕೆಯ ಕೆಲಸವೇ. ಬೆಳೆ ಕೊಯಿದ ಮೇಲೆ ಅವನ್ನು ಬಿಚ್ಚಿ ಸುತ್ತಿಡಬೇಕೆಂಬುದನ್ನು ಮಾತ್ರ ಮರೆಯುತ್ತಾರೆ. ಬಿಸಿಲು ಮಳೆಗಳಿಗೆ ಜಿಡ್ಡಾದ ಸೀರೆಯ ಚಿಂದಿಗಳು ಹೊಲದೊಳಗೆ ಹೂತು ಟಿಲ್ಲರಿನ ಅಲಗುಗಳಿಗೆ ಸುತ್ತಿಕೊಳ್ಳುತ್ತವೆ. ಬಲೆಯ ತುಂಡನ್ನು ತಿಂದ ದನವನ್ನು ಉಳಿಸುವುದು ಪಶುವೈದ್ಯರಿಗೂ ಕಷ್ಟ.

ಊರಿನ ಮುಖಂಡರಿಂದ ಈ ವಿಷಯದಲ್ಲಿ ಮುಖ್ಯವಾಗಿ ಆಗಬೇಕಾದ ಕೆಲಸವೊಂದುಂಟು. ನಾರಿನ ಹುಡಿಯನ್ನು ಒಬ್ಬೊಬ್ಬರೇ ತರಿಸಿದರೆ ಸಾಗಾಟದ ಖರ್ಚು ಹೆಚ್ಚು, ಮಳೆಗೆ ಬಿಡುವ ಜಾಗವೂ ಎಲ್ಲರ ಹಿತ್ತಿಲಿನಲ್ಲಿರುವುದಿಲ್ಲ. ನಾಲ್ಕಾರು ಹಿಡುವಳಿದಾರರು ಕೂಡಿ, ತೋಡಿಗೂ ಬಾವಿಗೂ ದೂರವಾದ ಒಂದು ಬೆಟ್ಟು ಜಾಗವನ್ನು ಗೊತ್ತುಮಾಡಿ, ಅಲ್ಲಿಯೇ ತೊಳೆದು ಕೊಳೆಯಿಸಿ ಪಾಲು ಮಾಡಿಕೊಳ್ಳುವುದು ಮೇಲು. ಲಾರಿಯವರು ತಂದುದನ್ನು ಪರೀಕ್ಷಿಸದೆ ಇಳಿಸಿಕೊಳ್ಳಕೂಡದು. ಉಪ್ಪಿನ ಸಂಶಯವಿದ್ದರೆ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು. ಅಷ್ಟಕ್ಕೂ ಸಮಯವಿಲ್ಲದಿದ್ದರೆ ಮನೆಯಲ್ಲಿಯೇ ಮಾಡುವ ಪರೀಕ್ಷೆಯುಂಟು. ಹುಡಿಯನ್ನೂ ಹೊಲದ ಮಣ್ಣನ್ನೂ ಸಮಸಮವಾಗಿ ಬೆರೆಸಿ ಒಂದು ಕುಂಡಕ್ಕೆ ತುಂಬಿ, ಇನ್ನೊಂದಕ್ಕೆ ಬರಿಯ ಮಣ್ಣನ್ನು ತುಂಬಿ, ಎರಡರಲ್ಲಿಯೂ ಇಪ್ಪತ್ತಿಪ್ಪತ್ತು ರಾಗಿ ಕಾಳುಗಳನ್ನು ಬಿತ್ತಬೇಕು. ಹುಡಿಯ ಕುಂಡದಲ್ಲಿ ಕಾಳು ಮೊಳೆಯದೆ ಹೋದರೆ ಉಪ್ಪೂ ಒಗರೂ ಇನ್ನೂ ತೊಳೆದು ಹೋಗಿಲ್ಲ. ಮೊಳೆತು ಮೂರು ವಾರಗಳಲ್ಲಿ ಪಕ್ಕದ ಕುಂಡಕ್ಕಿಂತ ಹಳದಿಯಾದರೆ ಅದು ಇನ್ನೂ ಕೊಳೆತಿಲ್ಲ, ರಾಶಿಯಲ್ಲಿ ಮತ್ತೊಂದು ತಿಂಗಳಾದರೂ ಇರಬೇಕು.